ಕೆಡುವ ಡಿಸ್ಕುಗಳು, ಕೆಡದ ಸಂಗ್ರಹ

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಂದರೆ ವೇಗವಾಗಿ ತಿರುಗುವ ತಟ್ಟೆ. ತಿರುಗುವ ಯಾವ ಯಂತ್ರವೂ ಒಂದು ದಿನ ನಿಲ್ಲಲೇಬೇಕು. ಗಿರಣಿ ನಿಂತರೆ ಹಿಟ್ಟು ಬೀಸುವುದು ಒಂದು ದಿನ ತಡವಾಗುತ್ತದೆ, ಅಷ್ಟೆ. ಡಿಸ್ಕ್ ನಿಂತರೆ ಅದರ ಮೇಲೆ ಬರೆದದ್ದೂ ಬಹುಪಾಲು ಅದರೊಡನೆಯೇ ಹೋಗುತ್ತದೆ. ಅಂಗಡಿಯ ಲೆಕ್ಕಪತ್ರ, ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿ, ತೀರಿಕೊಂಡವರ ಭಾವಚಿತ್ರ ಇವನ್ನು ಹಣ ಕೊಟ್ಟು ಮತ್ತೆ ತರಲಾಗದು. ಈ ನಷ್ಟವನ್ನು ತಡೆಯಲು ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ಏರ್ಪಾಟಿಗೆ ‘ರೇಡ್’ ಎಂದು ಹೆಸರು. ಇಂದು ಮನೆಯ ಕಂಪ್ಯೂಟರಿನಲ್ಲೂ ಅದನ್ನು ಅಳವಡಿಸಬಹುದು. ಸ್ವಾರಸ್ಯವೆಂದರೆ, ಆ ಹೆಸರು ಕೊಟ್ಟವರು ಮೊದಲು ಹೊರಟದ್ದು ಭದ್ರತೆಯನ್ನು ಹುಡುಕಿಕೊಂಡಲ್ಲ, ವೇಗವನ್ನು ಹುಡುಕಿಕೊಂಡು.

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂ ಸಂಸ್ಥೆಯ ‘ರಾಮ್ಯಾಕ್’ ಎಂಬ ಗಣಕಯಂತ್ರದೊಡನೆ. 24 ಅಂಗುಲ ವ್ಯಾಸದ 50 ತಟ್ಟೆಗಳ ಆ ಭಾರೀ ಪೆಟ್ಟಿಗೆ ಹಿಡಿಸಿಕೊಳ್ಳುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಮುಂದಿನ ಮೂರು ದಶಕ ದೊಡ್ಡ ಗಣಕಯಂತ್ರಗಳಿಗೆ ದೊಡ್ಡ, ದುಬಾರಿ ಡಿಸ್ಕುಗಳನ್ನೇ ತಯಾರಿಸುವುದು ನಡೆಯಿತು. ಆದರೆ 1980ರ ದಶಕದಲ್ಲಿ ಒಂದು ಬಿಕ್ಕಟ್ಟು ತಲೆದೋರಿತು. ಲೆಕ್ಕ ಮಾಡುವ ಚಿಪ್‌ಗಳು ವರ್ಷದಿಂದ ವರ್ಷಕ್ಕೆ ಚುರುಕಾದವು. ತಟ್ಟೆಯ ಮೇಲೆ ಅತ್ತಿತ್ತ ಸರಿಯುವ ಡಿಸ್ಕಿನ ತೋಳು ಮಾತ್ರ ಅಷ್ಟು ಚುರುಕಾಗಲಿಲ್ಲ. ಬುದ್ಧಿಗೆ ಕೈ ಸಾಟಿಯಾಗದಂತಾಯಿತು.

ಇದೇ ಕಾಲಕ್ಕೆ ವೈಯಕ್ತಿಕ ಕಂಪ್ಯೂಟರುಗಳಿಗಾಗಿ ಸಣ್ಣ, ಅಗ್ಗದ ಡಿಸ್ಕುಗಳು ಮಾರುಕಟ್ಟೆಗೆ ಬಂದವು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದ ಡೇವಿಡ್ ಪ್ಯಾಟರ್‌ಸನ್, ರ್‍ಯಾಂಡಿ ಕ್ಯಾಟ್ಜ್ ಹಾಗೂ ಸಂಶೋಧನಾ ವಿದ್ಯಾರ್ಥಿ ಗಾರ್ತ್ ಗಿಬ್ಸನ್ ಅವುಗಳ ಮೇಲೆ ಕಣ್ಣಿಟ್ಟರು. ಅವರು ಹೋಲಿಸಿ ನೋಡಿದ ಐಬಿಎಂನ ದೊಡ್ಡ ಡಿಸ್ಕ್ 7,500 ಮೆಗಾಬೈಟ್ ಹಿಡಿಸುತ್ತಿತ್ತು. ಸಣ್ಣದು 100 ಮೆಗಾಬೈಟ್. ಹನಿಗೂಡಿದರೆ ಹಳ್ಳವಲ್ಲವೆ? ದೊಡ್ಡದೊಂದರ ಬದಲು ಸಣ್ಣವನ್ನು ಸಾಲಾಗಿ ಜೋಡಿಸಿದರೆ ಹತ್ತಾರು ತೋಳುಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ.

ತೊಡಕು ಎದುರಾದದ್ದು ಇಲ್ಲಿಯೇ. ಒಂದು ಡಿಸ್ಕ್ ಸರಾಸರಿ 30,000 ಗಂಟೆ, ಅಂದರೆ ಸುಮಾರು ಮೂರೂವರೆ ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಅಂಥ 100 ಡಿಸ್ಕುಗಳಿದ್ದರೆ ಅವುಗಳಲ್ಲಿ ಯಾವುದಾದರೊಂದು ಸರಾಸರಿ 300 ಗಂಟೆಗೆ ಕೆಡುತ್ತದೆ. ಎರಡು ವಾರವೂ ಆಗಲಿಲ್ಲ! ವೇಗಕ್ಕಾಗಿ ಕಟ್ಟಿದ ಸಾಲು ನಂಬಿಕೆಗೆ ಅನರ್ಹವಾಯಿತು. ಹಾಗೆಂದು ಕೆಡದ ಡಿಸ್ಕನ್ನು ಮಾಡುವುದು ಯಾರ ಕೈಲೂ ಸಾಧ್ಯವಿಲ್ಲ. ಕೆಟ್ಟೇ ಕೆಡುತ್ತದೆಂದು ಒಪ್ಪಿಕೊಂಡು, ಆದರೂ ಮಾಹಿತಿ ಉಳಿಯುವಂತೆ ಬರೆಯುವುದೊಂದೇ ದಾರಿ.

ದಾರಿ ತೀರ ಹೊಸದೇನೂ ಅಲ್ಲ. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿಯನ್ನು ಬರೆಯುವ ‘ಕನ್ನಡಿ’ ವಿಧಾನವನ್ನು ಟ್ಯಾಂಡೆಮ್ ಕಂಪನಿ 1970ರ ದಶಕದಲ್ಲೇ ಬಳಸಿತ್ತು. ಕೆಟ್ಟ ಘಟಕದ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಪಡೆಯುವ ಉಪಾಯಕ್ಕೆ ಐಬಿಎಂನ ನಾರ್ಮನ್ ಕೆನ್ ಔಚಿ 1978ರಲ್ಲಿ ಪೇಟೆಂಟ್ ಪಡೆದಿದ್ದರು. ಆ ಉಪಾಯವನ್ನು ಹೀಗೆ ತಿಳಿಯಬಹುದು: ಒಂದು ಡಿಸ್ಕಿನಲ್ಲಿ 7 ಇದೆ, ಎರಡನೆಯದರಲ್ಲಿ 5, ಮೂರನೆಯದರಲ್ಲಿ ಅವೆರಡರ ಮೊತ್ತ 12. ಎರಡನೆಯದು ಕೆಟ್ಟಿತೆನ್ನಿ, 12ರಲ್ಲಿ 7 ಕಳೆದರೆ 5 ಮರಳಿ ಸಿಕ್ಕಿತು. ಯಂತ್ರ ನಿಜವಾಗಿ ಮಾಡುವುದು ಕೂಡುವ ಲೆಕ್ಕವಲ್ಲ, ಸಮ-ಬೆಸದ ಲೆಕ್ಕ. ತತ್ತ್ವ ಮಾತ್ರ ಇದೇ.

ಬರ್ಕ್‌ಲಿಯ ಮೂವರು ಈ ವಿಧಾನಗಳನ್ನು ಐದು ಹಂತಗಳಾಗಿ ವಿಂಗಡಿಸಿ, ಲಾಭನಷ್ಟ ತೂಗಿ, 1988ರ ಜೂನ್‌ನಲ್ಲಿ ಷಿಕಾಗೊ ನಗರದ ಸಮ್ಮೇಳನವೊಂದರಲ್ಲಿ ಪ್ರಬಂಧ ಮಂಡಿಸಿದರು. ‘ರೇಡ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಹೆಸರಿನಲ್ಲಿ ಮೂರನೆಯದು ‘ಅಗ್ಗದ’ ಎಂಬುದನ್ನು ಸೂಚಿಸುತ್ತಿತ್ತು. ಮುಂದೆ ಅದೇ ಅಕ್ಷರಕ್ಕೆ ‘ಸ್ವತಂತ್ರ’ ಎಂಬ ಅರ್ಥ ಬಂತು. ದುಬಾರಿ ಬೆಲೆಗೆ ಮಾರುವವರಿಗೆ ‘ಅಗ್ಗ’ದ ಮಾತು ರುಚಿಸಲಿಲ್ಲವೇನೋ!

ದೊಡ್ಡ ಕಚೇರಿಗಳಿಗೆ ಮೀಸಲಾಗಿದ್ದ ಈ ಏರ್ಪಾಟು 2000ದ ದಶಕದಲ್ಲಿ ಮೇಜಿನ ಮೇಲಿನ ಕಂಪ್ಯೂಟರಿಗೂ ಸುಲಭವಾಗಿ ಇಳಿದು ಬಂತು. ತಲಾ 4 ಟೆರಾಬೈಟಿನ ಎರಡು ಡಿಸ್ಕುಗಳನ್ನು ಕನ್ನಡಿಯಂತೆ ಜೋಡಿಸಿದರೆ, ಅಂದರೆ ಒಂದನೆಯ ಹಂತದಲ್ಲಿ, ಸಿಗುವ ಜಾಗ 4 ಟೆರಾಬೈಟ್. ಮೊತ್ತದ ಉಪಾಯ ಬಳಸುವ ಐದನೆಯ ಹಂತಕ್ಕೆ ಕನಿಷ್ಠ ಮೂರು ಡಿಸ್ಕು ಬೇಕು. ಸಿಗುವ ಜಾಗ 8 ಟೆರಾಬೈಟ್. ಎರಡರಲ್ಲೂ ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದು. ಆಮೇಲೆ ಬಂದ ‘ಸೊನ್ನೆ’ ಹಂತದ ವಿಷಯದಲ್ಲಿ ಎಚ್ಚರ ಬೇಕು. ಅದು ಮಾಹಿತಿಯನ್ನು ಡಿಸ್ಕುಗಳಿಗೆ ಹಂಚಿ ವೇಗ ಕೊಡುತ್ತದೆ, ರಕ್ಷಣೆಯನ್ನಲ್ಲ. ಒಂದು ಹೋದರೆ ಎಲ್ಲವೂ ಹೋದಂತೆ.

ಇಷ್ಟಾದರೂ ಸಾಲು ಕಾಯುವುದು ಡಿಸ್ಕಿನ ಸಾವಿನಿಂದ ಮಾತ್ರ. ಕೈತಪ್ಪಿ ಅಳಿಸಿದ ಕಡತ ಕನ್ನಡಿಯ ಎರಡೂ ಬದಿಯಲ್ಲಿ ಅದೇ ಕ್ಷಣ ಅಳಿದುಹೋಗುತ್ತದೆ. ಸಿಡಿಲು, ಬೆಂಕಿ, ಕಳ್ಳತನಗಳಿಗೆ ಪೆಟ್ಟಿಗೆಯೊಳಗಿನ ಡಿಸ್ಕುಗಳೆಲ್ಲ ಒಟ್ಟಿಗೇ ತುತ್ತಾಗುತ್ತವೆ. ಒಂದು ಡಿಸ್ಕ್ ಕೆಟ್ಟ ಮೇಲೂ ಯಂತ್ರ ಓಡುತ್ತಿರುವುದರಿಂದ, ಅದರ ಸೂಚನೆಯನ್ನು ಗಮನಿಸದಿದ್ದರೆ ಎರಡನೆಯದು ಕೆಟ್ಟಾಗಲೇ ನಮಗೆ ಎಚ್ಚರವಾದೀತು.

ಆದ್ದರಿಂದ ಕೆಲಸ ಒಂದು ಗಳಿಗೆಯೂ ನಿಲ್ಲಬಾರದು ಎನ್ನುವವರಿಗೆ ರೇಡ್ ತಕ್ಕದ್ದು. ಮನೆಯ ಚಿತ್ರಗಳು, ಬರಹಗಳು ಉಳಿದರೆ ಸಾಕು, ಕಂಪ್ಯೂಟರ್ ಎರಡು ದಿನ ನಿಂತರೂ ಚಿಂತೆಯಿಲ್ಲ ಎನ್ನುವವರು ಎರಡನೆಯ ಡಿಸ್ಕನ್ನು ಪೆಟ್ಟಿಗೆಯೊಳಗೆ ಜೋಡಿಸಬೇಕಾಗಿಲ್ಲ. ವಾರಕ್ಕೊಮ್ಮೆ ಅದರಲ್ಲಿ ಪ್ರತಿ ತೆಗೆದು, ತಂತಿ ಬಿಚ್ಚಿ, ಬೀರುವಿನಲ್ಲಿಡುವುದೇ ಮೇಲು. ಸಾಧ್ಯವಾದರೆ ಇನ್ನೊಬ್ಬರ ಮನೆಯ ಬೀರುವಿನಲ್ಲಿ.