ಆದಿಬೆಳಕಿನಲ್ಲಿ ಕಾಂತದ ಗುರುತು

ಸವೆದ ಶಾಸನವನ್ನು ಓದುವವರು ಓರೆಬಿಸಿಲು ಬೀಳುವ ಹೊತ್ತಿಗಾಗಿ ಕಾಯುತ್ತಾರೆ. ನಡುಹಗಲಿನಲ್ಲಿ ಬರಿಯ ಕಲ್ಲಾಗಿ ತೋರಿದ್ದು ಸಂಜೆಯಲ್ಲಿ ಅಕ್ಷರವಾಗುತ್ತದೆ. ಖಗೋಳವಿಜ್ಞಾನಿಗಳೂ ಇಂಥದೊಂದು ಶಾಸನದ ಮುಂದೆ ಬಹುಕಾಲದಿಂದ ಕುಳಿತಿದ್ದಾರೆ.

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬವರ ಕೊಂಬಿನಾಕಾರದ ಆಂಟೆನಾಕ್ಕೆ ಒಂದು ಕ್ಷೀಣವಾದ ಗದ್ದಲ ಸಿಕ್ಕಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅದು ಕುಂದಲಿಲ್ಲ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನು ತೊಳೆದದ್ದಾಯಿತು. ಗದ್ದಲ ಹಾಗೆಯೇ ಉಳಿಯಿತು. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು, ಈಗ 2.7 ಕೆಲ್ವಿನ್ನಿಗೆ ತಣಿದ ಸೂಕ್ಷ್ಮತರಂಗ. 1978ರಲ್ಲಿ ಆ ಇಬ್ಬರಿಗೂ ನೊಬೆಲ್ ಬಹುಮಾನ ಸಂದಿತು.

ಇದಕ್ಕೂ ಮುನ್ನ, 1949ರಲ್ಲಿ, ಹಿಲ್ಟ್ನರ್ ಮತ್ತು ಹಾಲ್ ಎಂಬ ವಿಜ್ಞಾನಿಗಳು ದೂರದ ನಕ್ಷತ್ರಗಳ ಬೆಳಕು ಧ್ರುವೀಕರಣಗೊಂಡಿರುವುದನ್ನು ಕಂಡಿದ್ದರು. ನಮ್ಮ ಆಕಾಶಗಂಗೆಯ ಕಾಂತಕ್ಷೇತ್ರ ಅಲ್ಲಿನ ಧೂಳಿನ ಕಣಗಳನ್ನು ಸಾಲುಗೂಡಿಸಿರುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಆ ಕ್ಷೇತ್ರ ಗಾಸ್ ಎಂಬ ಮಾನದ ಹತ್ತು ಲಕ್ಷದಲ್ಲಿ ಕೆಲವೇ ಅಂಶ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಲಕ್ಷಪಾಲು ದುರ್ಬಲ. ಆಕಾಶಗಂಗೆಯ ಸುತ್ತಾಟ ಅದನ್ನು ಬೆಳೆಸಿರಬಹುದು. ಆದರೆ ಬೆಳೆಗೆ ಬೀಜ ಬೇಕಲ್ಲವೆ? ಬೀಜ ಅನಂತರ ಅನಿಲರಾಶಿಗಳ ಚಲನೆಯಲ್ಲಿಯೇ ಹುಟ್ಟಬಲ್ಲದೆಂಬುದಕ್ಕೆ 1950ರಲ್ಲಿ ಜರ್ಮನಿಯ ಲುಡ್ವಿಗ್ ಬೀರ್ಮನ್ ದಾರಿ ತೋರಿಸಿದನು. ವಿಶ್ವದ ಮೊದಲ ಕ್ಷಣಗಳಲ್ಲಿಯೇ ಅದು ಬಿತ್ತಲ್ಪಟ್ಟಿತೆಂಬುದು ಇನ್ನೊಂದು ಪಕ್ಷ.

ಎರಡನೆಯದು ನಿಜವಾದರೆ ಆದಿಬೆಳಕು ಅದಕ್ಕೆ ಸಾಕ್ಷಿ ನುಡಿಯಬೇಕು. ಕಾಂತಕ್ಷೇತ್ರ ಆಗಿನ ವಿದ್ಯುದಾವೇಶವುಳ್ಳ ದ್ರವ್ಯವನ್ನು ಕದಡಿ, ಬೆಳಕಿನ ತಾಪದಲ್ಲಿ ಅತಿಸೂಕ್ಷ್ಮ ಏರಿಳಿತಗಳನ್ನು ಮೂಡಿಸುತ್ತದೆ. ಬೆಳಕಿನ ಧ್ರುವೀಕರಣದ ದಿಕ್ಕನ್ನೂ ತಿರುಗಿಸುತ್ತದೆ; ಕಾಂತಕ್ಕೆ ಈ ಶಕ್ತಿಯುಂಟೆಂದು ಫ್ಯಾರಡೆ 1845ರಲ್ಲಿಯೇ ತೋರಿಸಿದ್ದನು. ಸಾಮಾನ್ಯ ಅಲೆಗಳು ಅಳಿಸಿಹೋಗುವ ಕಿರಿಯ ಅಳತೆಗಳಲ್ಲಿಯೂ ಕಾಂತದ ಅಲೆಗಳು ಉಳಿದುಕೊಳ್ಳಬಲ್ಲವೆಂದು 1998ರಲ್ಲಿ ನಮ್ಮ ದೇಶದ ಕಂದಸ್ವಾಮಿ ಸುಬ್ರಮಣಿಯನ್ ಮತ್ತು ಇಂಗ್ಲೆಂಡಿನ ಜಾನ್ ಬ್ಯಾರೋ ಲೆಕ್ಕಹಾಕಿದರು.

ಯೂರೋಪು 2009ರಲ್ಲಿ ಹಾರಿಸಿದ ಪ್ಲಾಂಕ್ ಉಪಗ್ರಹ ಆ ಬೆಳಕನ್ನು ಬಹಳ ನಯವಾಗಿ ಅಳೆಯಿತು. 2015ರಲ್ಲಿ ಹೊರಬಂದ ವಿಶ್ಲೇಷಣೆಯಲ್ಲಿ ಕಾಂತದ ಗುರುತು ಕಾಣಲಿಲ್ಲ. ಆದಿಕ್ಷೇತ್ರವಿದ್ದರೂ ಅದು ಇಂದಿನ ಲೆಕ್ಕದಲ್ಲಿ ಗಾಸಿನ ನೂರು ಕೋಟಿಯಲ್ಲಿ ಕೆಲವೇ ಅಂಶವನ್ನು ಮೀರಲಾರದೆಂದು ಮಾತ್ರ ಖಚಿತವಾಯಿತು.

ಹಾಗೆಂದು ಬೀಜವೇ ಇರಲಿಲ್ಲವೆನ್ನುವಂತಿಲ್ಲ. ಇದಕ್ಕಿಂತ ಎಷ್ಟೋ ಕಿರಿದಾದ ಬೀಜವೂ ಆಕಾಶಗಂಗೆಗೆ ಸಾಲಬಹುದು. ಅಕ್ಷರ ಕಾಣದ ಕಲ್ಲೂ ಒಂದು ಮಾತು ಹೇಳುತ್ತದೆ: ಇಲ್ಲಿ ಕೆತ್ತಿದ್ದರೆ ಇದಕ್ಕಿಂತ ಆಳವಾಗಿ ಕೆತ್ತಿಲ್ಲ. ಅಷ್ಟನ್ನು ಪ್ರಾಮಾಣಿಕವಾಗಿ ಓದಿ, ಇನ್ನೂ ಓರೆಯಾದ ಬೆಳಕಿಗಾಗಿ ಕಾಯುವುದು ವಿದ್ವತ್ತಿನ ಧರ್ಮ.