ಹೂಳು ಕಲಿಸಿದ ಶಾಸ್ತ್ರ: ಪುಣೆಯಲ್ಲಿ ಜಲವಿಜ್ಞಾನದ ಬೆಳವಣಿಗೆ

ಹರಿಯುವ ವಸ್ತುಗಳ ಚಲನೆಯನ್ನೂ ಅದಕ್ಕೆ ಕಾರಣವಾದ ಬಲಗಳನ್ನೂ ವಿವರಿಸುವ ದ್ರವಬಲವಿಜ್ಞಾನವು ಭಾರತದ ಸಿವಿಲ್ ಎಂಜಿನಿಯರಿಂಗಿನಲ್ಲಿ ಬೇರೂರಿದ್ದು ನೀರಾವರಿ ನಾಲೆಗಳ ದಂಡೆಯ ಮೇಲೆ. ಇಲ್ಲಿನ ನದಿಗಳು ನೀರಿನೊಡನೆ ಹೂಳನ್ನೂ ಹೊತ್ತು ತರುವುದರಿಂದ, ಗಟ್ಟಿ ತಳದ ಕಾಲುವೆಗಳಿಗೆ ರಚಿತವಾದ ಸೂತ್ರಗಳು ಇಲ್ಲಿ ಸಾಲದಾದವು. ಆ ಕೊರತೆಯನ್ನು ತುಂಬಿದ ಕೇಂದ್ರಗಳಲ್ಲಿ ಪುಣೆ ಪ್ರಮುಖವಾದುದು.

1854ರಲ್ಲಿ ಆರಂಭವಾದ ಪುಣೆಯ ಎಂಜಿನಿಯರಿಂಗ್ ಶಾಲೆಯು ಮುಂದೆ ಕಾಲೇಜಾಗಿ ಬೆಳೆಯಿತು; ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಪದವಿ ಪಡೆದದ್ದು ಅಲ್ಲಿಯೇ. ಜಲಾಶಯದ ನೀರು ನಿಗದಿತ ಮಟ್ಟವನ್ನು ಮೀರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು ವಿನ್ಯಾಸಗೊಳಿಸಿ, 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅಳವಡಿಸಿದರು.

ಇದೇ ಕಾಲದ ಆಚೀಚೆ ನಾಲೆಯ ವಿನ್ಯಾಸಕ್ಕೂ ನಿಯಮಗಳು ದೊರೆತವು. ಪಂಜಾಬಿನ ನಾಲೆಗಳನ್ನು ಅಳೆದ ಎಂಜಿನಿಯರ್ ಕೆನಡಿ, ಹೂಳು ಕೂರದಂತೆಯೂ ತಳ ಕೊರೆಯದಂತೆಯೂ ಹರಿಯಬೇಕಾದ ವೇಗವು ಆಳವನ್ನು ಅವಲಂಬಿಸಿದೆಯೆಂದು 1895ರಲ್ಲಿ ತೋರಿಸಿದರು; 1930ರಲ್ಲಿ ಇನ್ನೊಬ್ಬ ಎಂಜಿನಿಯರ್ ಲೇಸಿ, ಮೆಕ್ಕಲು ಮಣ್ಣಿನ ನಾಲೆಯ ಅಗಲವು ಹರಿವಿನ ಪ್ರಮಾಣದ ವರ್ಗಮೂಲದಂತೆ ಹೆಚ್ಚುತ್ತದೆಂದು, ಅಂದರೆ ಹರಿವು ನಾಲ್ಕು ಪಟ್ಟಾದರೆ ಅಗಲ ಸುಮಾರು ಎರಡು ಪಟ್ಟಾಗುತ್ತದೆಂದು ಪ್ರತಿಪಾದಿಸಿದರು. ಇವು ಅಳತೆಗಳಿಂದ ಹೊರಟ ನಿಯಮಗಳೇ ಹೊರತು ಬಲಗಳ ವಿಶ್ಲೇಷಣೆಯಿಂದ ಹುಟ್ಟಿದವಲ್ಲ.

ಮುಂಬಯಿ ಪ್ರಾಂತ್ಯವು 1916ರಲ್ಲಿ ಸ್ಥಾಪಿಸಿದ ನೀರಾವರಿ ಸಂಶೋಧನಾ ಘಟಕವು ಇಂದು ಖಡಕ್‌ವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಾಗಿದೆ. ಇದನ್ನು ಬೆಳೆಸಿದ ಕ್ಲಾಡ್ ಇಂಗ್ಲಿಸ್, 1947ರಲ್ಲಿ ಬ್ರಿಟನ್ ಸ್ಥಾಪಿಸಿದ ಜಲಸಂಶೋಧನಾ ಸಂಸ್ಥೆಗೆ ಮೊದಲ ನಿರ್ದೇಶಕರಾದರು. ಪುಣೆಯ ಅನುಭವ ಹೀಗೆ ಹೊರದೇಶಕ್ಕೂ ಹೋಯಿತು. ಪುಣೆಯ ಈ ಕೇಂದ್ರದ ಮುಖ್ಯ ಸಾಧನವೆಂದರೆ ನದಿಯ ಕಿರುಪ್ರತಿಕೃತಿ. ಗುರುತ್ವ ಮತ್ತು ಜಡತ್ವಗಳ ಅನುಪಾತವನ್ನು ಕಾಯ್ದುಕೊಳ್ಳುವ ಫ್ರೌಡ್ ನಿಯಮದ ಪ್ರಕಾರ, ನೂರರಲ್ಲೊಂದು ಅಳತೆಯ ಪ್ರತಿಕೃತಿಯಲ್ಲಿ ವೇಗ ಹತ್ತರಲ್ಲೊಂದು ಪಾಲಾಗುತ್ತದೆ, ನದಿಯ ಒಂದು ಗಂಟೆ ಆರು ನಿಮಿಷಕ್ಕೆ ಇಳಿಯುತ್ತದೆ, ಹರಿವು ಲಕ್ಷದಲ್ಲೊಂದು ಪಾಲು ಸಾಕಾಗುತ್ತದೆ. ಆದರೆ ಮರಳಿನ ಕಣವನ್ನು ಅದೇ ಪ್ರಮಾಣದಲ್ಲಿ ಕಿರಿದುಗೊಳಿಸಿದರೆ ಅದು ಒಂದಕ್ಕೊಂದು ಅಂಟುವ ಜೇಡಿಯಂತಾಗಿ ಮರಳಿನ ಗುಣವನ್ನೇ ಕಳೆದುಕೊಳ್ಳುವುದರಿಂದ, ಕಲ್ಲಿದ್ದಲ ಪುಡಿಯಂತಹ ಹಗುರ ಪದಾರ್ಥಗಳನ್ನು ಬಳಸಬೇಕಾಗುತ್ತದೆ. ನೀರು ಅಳತೆಗೆ ಒಗ್ಗುತ್ತದೆ, ಹೂಳು ಒಗ್ಗುವುದಿಲ್ಲ. ಈ ತೊಡಕೇ ಶಾಸ್ತ್ರವನ್ನು ಮುಂದಕ್ಕೆ ತಳ್ಳಿತು.

ಕಣವೊಂದು ತಳದಿಂದ ಕದಲಲು ಎಷ್ಟು ಬಲ ಬೇಕು, ತಳದಲ್ಲಿ ಏಳುವ ಮರಳ ಅಲೆಗಳು ಹರಿವನ್ನು ಎಷ್ಟು ತಡೆಯುತ್ತವೆ ಎಂಬ ಪ್ರಶ್ನೆಗಳನ್ನು ವಿಶ್ವವಿದ್ಯಾಲಯಗಳ ಅಧ್ಯಾಪಕರು ಕೈಗೆತ್ತಿಕೊಂಡ ಮೇಲೆ ಅನುಭವದ ನಿಯಮಗಳು ದ್ರವಬಲವಿಜ್ಞಾನದ ನೆಲೆಗೆ ಬಂದವು. ರೂರ್ಕಿಯ ಆರ್. ಜೆ. ಗರ್ದೆ ಮತ್ತು ಕೆ. ಜಿ. ರಂಗರಾಜು ಅವರ ಹೂಳುಸಾಗಣೆಯ ಗ್ರಂಥ ಈ ಘಟ್ಟದ ಪ್ರಮುಖ ಫಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಎಸ್. ಗೋವಿಂದರಾವ್ ಅವರು ಮುರಳೀಧರ್ ಅವರೊಡನೆ, ಒಡ್ಡಿನ ನೆತ್ತಿಯ ಅಗಲಕ್ಕೂ ಅದರ ಮೇಲಿಂದ ಹರಿಯುವ ನೀರಿನ ಪ್ರಮಾಣಕ್ಕೂ ಇರುವ ಸಂಬಂಧವನ್ನು 1963ರಲ್ಲಿ ನಿರೂಪಿಸಿದರು.

1961ರ ಜುಲೈ 12ರಂದು ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿದ್ದ ಪಾನ್‌ಶೆತ್ ಅಣೆಕಟ್ಟು ಒಡೆದು, ಅದರ ನೀರಿನ ರಭಸಕ್ಕೆ ಖಡಕ್‌ವಾಸ್ಲಾ ಅಣೆಕಟ್ಟೂ ಬಿರಿದು ಪುಣೆ ಮುಳುಗಿತು. ಈ ಶಾಸ್ತ್ರದ ಲೆಕ್ಕಗಳ ಹಿಂದೆ ಜನರ ಜೀವವಿದೆಯೆಂಬುದನ್ನು ಆ ದಿನ ಮರೆಯಲಾಗದಂತೆ ಸಾರಿತು. ಇಂದು ಗಣಕಯಂತ್ರವು ಅಂತಹ ಪ್ರವಾಹದ ಅಲೆಯನ್ನು ಮುಂಚಿತವಾಗಿ ಲೆಕ್ಕಹಾಕಬಲ್ಲದು. ಆದರೂ ತಳದ ಒರಟುತನವನ್ನೂ ಹೂಳಿನ ಗಾತ್ರವನ್ನೂ ನದಿಯಿಂದಲೇ ಅಳೆದು ತರಬೇಕಾಗಿರುವುದರಿಂದ, ನಾಲೆಯ ದಂಡೆಯಲ್ಲಿ ಹುಟ್ಟಿದ ಈ ಶಾಸ್ತ್ರದ ವಿದ್ಯಾರ್ಥಿಯು ಇಂದಿಗೂ ದಂಡೆಗೆ ಇಳಿಯಲೇಬೇಕು.