ಯೊಂಗ್‌ಬ್ಯೋನಿನ ಎಂಟು ವರ್ಷ

ಶತ್ರುವೆಂದು ಬಗೆದ ದೇಶವೊಂದು ಅಣುಬಾಂಬು ತಯಾರಿಸಲು ಹೊರಟರೆ ಅದನ್ನು ಮಾತುಕತೆಯಿಂದ ತಡೆಯಲಾದೀತೆ? ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳಾಗುವುದುಂಟು. ಒಂದು ಪಕ್ಷಕ್ಕೆ ಸಂಧಾನವೆಂದರೆ ಬರಿಯ ಕಾಲಹರಣ. ಇನ್ನೊಂದಕ್ಕೆ, ಮಾತು ಬಲ್ಲವನಿಗೆ ಜಗಳವಿಲ್ಲ. ಸ್ವಾರಸ್ಯವೆಂದರೆ ಎರಡೂ ಪಕ್ಷದವರು ಸಾಕ್ಷಿಗೆ ಕರೆಯುವುದು ಉತ್ತರ ಕೊರಿಯಾವನ್ನೇ. ಆದಕಾರಣ ಆ ಕಥೆಯನ್ನು ಮೊದಲಿನಿಂದ ಸ್ವಲ್ಪ ಸಾವಧಾನವಾಗಿ ನೋಡೋಣ.

ಕೊರಿಯಾ ನಮಗೆ ತೀರ ಅಪರಿಚಿತವಾದ ನೆಲವಲ್ಲ. 1950ರಲ್ಲಿ ಆರಂಭವಾದ ಅಲ್ಲಿನ ಯುದ್ಧ 1953ರ ಜುಲೈ 27ರಂದು ನಿಂತಾಗ, ಸ್ವದೇಶಕ್ಕೆ ಮರಳಲು ಒಪ್ಪದ ಸಾವಿರಾರು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಅಂದು ಆದದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಮೇಲಾಗಿ 1958ರಿಂದ 1991ರವರೆಗೆ ಅಮೆರಿಕದ ಅಣ್ವಸ್ತ್ರಗಳು ದಕ್ಷಿಣ ಕೊರಿಯಾದಲ್ಲೇ ಇದ್ದವು. ಉತ್ತರದವರ ಆಳ್ವಿಕೆಯನ್ನು ಮೆಚ್ಚಲು ನಮಗೆ ಯಾವ ಕಾರಣವೂ ಇಲ್ಲ. ಆದರೆ ಅವರ ಭಯ ಪೂರ್ತಿ ಕಟ್ಟುಕಥೆಯಲ್ಲ ಎಂಬುದನ್ನು ಮರೆತರೆ ಮುಂದಿನದು ಅರ್ಥವಾಗದು.

ರಾಜಧಾನಿ ಪ್ಯೊಂಗ್ಯಾಂಗಿನಿಂದ ಉತ್ತರಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ ಯೊಂಗ್‌ಬ್ಯೋನ್ ಎಂಬ ಊರಿದೆ. 1986ರಲ್ಲಿ ಅಲ್ಲಿ 5 ಮೆಗಾವಾಟಿನ ರಿಯಾಕ್ಟರೊಂದು ಕೆಲಸ ಮಾಡತೊಡಗಿತು. ವಿದ್ಯುತ್ತಿನ ದೃಷ್ಟಿಯಿಂದ ಅದು ಲೆಕ್ಕಕ್ಕಿಲ್ಲ. ಆದರೆ ಅದರಲ್ಲಿ ಉರಿದ ಯುರೇನಿಯಂ ಕೋಲುಗಳನ್ನು ಆಮ್ಲದಲ್ಲಿ ಕರಗಿಸಿ ಬಾಂಬಿಗೆ ಬೇಕಾದ ಪ್ಲುಟೋನಿಯಂ ತೆಗೆಯಬಹುದು. 50 ಮತ್ತು 200 ಮೆಗಾವಾಟಿನ ಇನ್ನೆರಡು ರಿಯಾಕ್ಟರುಗಳ ಕಟ್ಟಡವೂ ಎದ್ದಿತ್ತು. ಅವು ಪೂರ್ತಿಯಾದರೆ ವರ್ಷಕ್ಕೆ ಹತ್ತಾರು ಬಾಂಬುಗಳಿಗಾಗುವಷ್ಟು ಪ್ಲುಟೋನಿಯಂ.

ಸೋವಿಯತ್ ಒಕ್ಕೂಟದ ಒತ್ತಾಯಕ್ಕೆ ಮಣಿದು ಉತ್ತರ ಕೊರಿಯಾ 1985ರಲ್ಲೇ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿತ್ತಾದರೂ ಪರೀಕ್ಷಕರನ್ನು ಒಳಗೆ ಬಿಟ್ಟದ್ದು 1992ರಲ್ಲಿ. ತಾವು 1990ರಲ್ಲಿ ಒಂದೇ ಒಂದು ಸಲ ಸುಮಾರು 90 ಗ್ರಾಂ ಪ್ಲುಟೋನಿಯಂ ತೆಗೆದಿದ್ದೇವೆ ಎಂದು ಅಲ್ಲಿನವರು ಲೆಕ್ಕ ಒಪ್ಪಿಸಿದರು. ಪ್ಲುಟೋನಿಯಂನ ಒಂದು ಅಂಶ ಕಾಲ ಕಳೆದಂತೆ ಅಮೆರಿಸಿಯಂ ಎಂಬ ಬೇರೆ ಧಾತುವಾಗಿ ಮಾರ್ಪಡುತ್ತದೆ. ಮರದ ಉಂಗುರಗಳಿಂದ ಅದರ ವಯಸ್ಸು ಹೇಳುವಂತೆ, ಈ ಅಂಶದ ಪ್ರಮಾಣದಿಂದ ಪ್ಲುಟೋನಿಯಂ ಬೇರ್ಪಟ್ಟ ಕಾಲವನ್ನು ಹೇಳಬಹುದು. ಅಂತಾರಾಷ್ಟ್ರೀಯ ಪರಮಾಣು ಸಂಸ್ಥೆಯ ವಿಜ್ಞಾನಿಗಳು ಯಂತ್ರಗಳ ಮೇಲಿನ ಧೂಳನ್ನು ಒರೆಸಿ ತಂದು ನೋಡಿದರೆ, ಕೆಲಸ ಒಂದೇ ಸಲ ನಡೆದದ್ದಲ್ಲ ಎಂದು ಗೊತ್ತಾಯಿತು. ಸಂಸ್ಥೆ ವಿಶೇಷ ತಪಾಸಣೆಗೆ ಪಟ್ಟು ಹಿಡಿಯಿತು. 1993ರ ಮಾರ್ಚಿಯಲ್ಲಿ ಉತ್ತರ ಕೊರಿಯಾ, ಒಪ್ಪಂದದಿಂದಲೇ ಹೊರಬೀಳುವೆನೆಂದಿತು.

1994ರ ಮೇ ತಿಂಗಳಲ್ಲಿ ರಿಯಾಕ್ಟರಿನಿಂದ ಸುಮಾರು 8,000 ಕೋಲುಗಳನ್ನು ಹೊರತೆಗೆಯಲು ಶುರುಮಾಡಿದಾಗ ವಾಷಿಂಗ್ಟನ್ನಿನಲ್ಲಿ ಯುದ್ಧದ ಮಾತು ಬಂತು. ಯೊಂಗ್‌ಬ್ಯೋನಿನ ಮೇಲೆ ಬಾಂಬು ಹಾಕುವ ಯೋಜನೆ ಸಿದ್ಧವಾಯಿತು. ಬಾಂಬು ಹಾಕುವುದೇನು ಕಷ್ಟವಿರಲಿಲ್ಲ. ಆದರೆ ಸೋಲ್ ನಗರ ಗಡಿಯಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ, ಉತ್ತರದ ಫಿರಂಗಿಗಳು ಅದರ ಕಡೆಗೇ ಬಾಯಿ ತೆರೆದು ನಿಂತಿವೆ. ಯುದ್ಧವಾದರೆ ಮೊದಲ ಮೂರು ತಿಂಗಳಲ್ಲೇ ಅಮೆರಿಕದ 52,000, ದಕ್ಷಿಣ ಕೊರಿಯಾದ 4,90,000 ಸೈನಿಕರು ಸಾವುನೋವಿಗೆ ಗುರಿಯಾಗುವರೆಂದು ಸೇನೆಯವರು ಅಧ್ಯಕ್ಷ ಕ್ಲಿಂಟನ್ನರ ಮುಂದೆ ಅಂದಾಜು ಇಟ್ಟಿದ್ದರು. ನಾಗರಿಕರ ಲೆಕ್ಕ ಬೇರೆ. ಸೋಲ್‌ನಲ್ಲಿದ್ದ ಅಮೆರಿಕದ ರಾಯಭಾರಿ ಜೇಮ್ಸ್ ಲೇನಿ, ತಮ್ಮನ್ನು ನೋಡಲು ಬಂದಿದ್ದ ಮಗಳಿಗೂ ಮೊಮ್ಮಕ್ಕಳಿಗೂ ಬೇಗ ಊರು ಬಿಡುವಂತೆ ಹೇಳಿದರಂತೆ. ಅಂಕಿಗಳಿಗಿಂತ ಈ ಒಂದು ಮಾತು ಆ ದಿನಗಳ ಬಿಸಿಯನ್ನು ನಮಗೆ ಚೆನ್ನಾಗಿ ತಿಳಿಸುತ್ತದೆ.

ಇಂಥ ಹೊತ್ತಿನಲ್ಲಿ ಪ್ಯೊಂಗ್ಯಾಂಗಿಗೆ ಹೋದವರು ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. ಅಧಿಕಾರವಿಲ್ಲ, ಕೈಯಲ್ಲಿ ಸರಕಾರದ ಪತ್ರವಿಲ್ಲ. ಖಾಸಗಿ ವ್ಯಕ್ತಿಯಾಗಿ ಹೋದದ್ದು. ಜೂನ್ 16ರಂದು ಶ್ವೇತಭವನದಲ್ಲಿ ಕ್ಲಿಂಟನ್ ಮತ್ತು ರಕ್ಷಣಾ ಸಚಿವ ಪೆರಿ, ಕೊರಿಯಾಕ್ಕೆ ಇನ್ನೆಷ್ಟು ಸೈನ್ಯ ಕಳಿಸಬೇಕೆಂದು ಸಭೆ ಸೇರಿದ್ದಾಗ ಕಾರ್ಟರರಿಂದ ಫೋನು ಬಂತು. ಕಿಮ್ ಇಲ್ ಸುಂಗ್ ಕೆಲಸ ನಿಲ್ಲಿಸಲು ಒಪ್ಪಿದ್ದಾರೆ, ಪರೀಕ್ಷಕರೂ ಅಲ್ಲೇ ಇರಬಹುದು ಎಂಬ ಸುದ್ದಿ. ಜತೆಗೆ, ಇದನ್ನು ತಾವು ಈಗಲೇ ಟೆಲಿವಿಷನ್ನಿನಲ್ಲಿ ಸಾರಲಿದ್ದೇವೆ ಎಂಬ ಒಕ್ಕಣೆ! ಸಭೆಯಲ್ಲಿದ್ದ ಹಲವರಿಗೆ ಸಿಟ್ಟು ಬಂದದ್ದು ಸಹಜವೇ. ಆದರೂ ಯುದ್ಧ ತಪ್ಪಿತು. ಜುಲೈ 8ರಂದು ಕಿಮ್ ಇಲ್ ಸುಂಗ್ ತೀರಿಕೊಂಡರು. ಮಗ ಕಿಮ್ ಜೊಂಗ್ ಇಲ್ ಮಾತು ಮುಂದುವರಿಸಿದರು. ಅಕ್ಟೋಬರ್ 21ರಂದು ಜಿನೀವಾದಲ್ಲಿ ಕರಾರಿಗೆ ಸಹಿ ಬಿತ್ತು.

ಕರಾರು ಸರಳವಾಗಿತ್ತು. ಉತ್ತರ ಕೊರಿಯಾ ಯೊಂಗ್‌ಬ್ಯೋನಿನ ಕೆಲಸವನ್ನೂ ದೊಡ್ಡ ರಿಯಾಕ್ಟರುಗಳ ಕಟ್ಟಡವನ್ನೂ ನಿಲ್ಲಿಸಬೇಕು. ಹೊರತೆಗೆದ ಕೋಲುಗಳನ್ನು ಪರೀಕ್ಷಕರ ಕಣ್ಣೆದುರಿಗೆ ಮುಚ್ಚಿಡಬೇಕು. ಪ್ರತಿಯಾಗಿ ವರ್ಷಕ್ಕೆ 5 ಲಕ್ಷ ಟನ್ ಉರುವಲು ಎಣ್ಣೆ, 2003ರ ಸುಮಾರಿಗೆ ಬಾಂಬಿಗೆ ಅಷ್ಟಾಗಿ ಒದಗದ ಬೇರೆ ತರಹದ ಎರಡು ರಿಯಾಕ್ಟರು, ಮತ್ತು ಸಂಬಂಧ ಸುಧಾರಣೆ. ಸಹಿಯ ಶಾಯಿ ಆರುವ ಮೊದಲೇ, ನವೆಂಬರಿನಲ್ಲಿ, ಅಮೆರಿಕದ ಸಂಸತ್ತು ವಿರೋಧ ಪಕ್ಷದ ಕೈಗೆ ಹೋಯಿತು. ಎತ್ತು ಏರಿಗೆ, ಕೋಣ ನೀರಿಗೆ. ಎಣ್ಣೆಯ ಹಡಗುಗಳು ತಡವಾಗಿ ಬಂದವು. 2003ಕ್ಕೆ ಮುಗಿಯಬೇಕಾಗಿದ್ದ ರಿಯಾಕ್ಟರಿನ ತಳಪಾಯಕ್ಕೆ ಮೊದಲ ಕಾಂಕ್ರೀಟು ಬಿದ್ದದ್ದು 2002ರ ಆಗಸ್ಟಿನಲ್ಲಿ!

ಇತ್ತ ಉತ್ತರ ಕೊರಿಯಾವೂ ಸುಮ್ಮನಿರಲಿಲ್ಲ. ಪ್ಲುಟೋನಿಯಂನ ಬಾಗಿಲು ಮುಚ್ಚಿದಾಗ ಯುರೇನಿಯಂನ ಹಿತ್ತಿಲ ಬಾಗಿಲು ತೆರೆಯಿತು. ಈ ಭಾಗ ನಮ್ಮ ನೆರೆಮನೆಯಲ್ಲೇ ನಡೆದದ್ದು: ಪಾಕಿಸ್ತಾನದ ಎ. ಕ್ಯೂ. ಖಾನ್ ಸುಮಾರು ಎರಡು ಡಜನ್ ಸೆಂಟ್ರಿಫ್ಯೂಜು ಯಂತ್ರಗಳನ್ನು ಅಲ್ಲಿಗೆ ಸಾಗಿಸಿದ್ದನ್ನು ಜನರಲ್ ಮುಷರಫ್ 2006ರ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 2002ರ ಅಕ್ಟೋಬರಿನಲ್ಲಿ ಅಮೆರಿಕ ಈ ಆರೋಪವನ್ನು ಮುಖಕ್ಕೆ ಹಿಡಿಯಿತು; ಎಣ್ಣೆ ನಿಂತಿತು; ಡಿಸೆಂಬರಿನಲ್ಲಿ ಪರೀಕ್ಷಕರು ಹೊರಬಿದ್ದರು. ಮುಚ್ಚಿಟ್ಟಿದ್ದ 8,000 ಕೋಲುಗಳು ಕರಗುವ ತೊಟ್ಟಿಗೆ ಹೋದವು. 2006ರ ಅಕ್ಟೋಬರ್ 9ರಂದು ಮೊದಲ ಅಣುಸ್ಫೋಟ.

ಹಾಗಾದರೆ ಸಂಧಾನ ಸೋತಿತೆ? ಕೊನೆಯ ಪುಟವನ್ನಷ್ಟೇ ಓದಿದರೆ ಸೋತಿತು. ನಮಗೆ ಹಾಗೆ ತೋರುವುದಿಲ್ಲ. ಎಂಟು ವರ್ಷ ಯೊಂಗ್‌ಬ್ಯೋನಿನಲ್ಲಿ ಒಂದು ಗ್ರಾಂ ಪ್ಲುಟೋನಿಯಂ ಹುಟ್ಟಲಿಲ್ಲ. 50 ಮತ್ತು 200 ಮೆಗಾವಾಟಿನ ಆ ಎರಡು ರಿಯಾಕ್ಟರುಗಳು ನಿಂತಲ್ಲೇ ತುಕ್ಕು ಹಿಡಿದವು. ಕರಾರು ಮುರಿದ ಮೇಲೂ ಅವನ್ನು ಎಬ್ಬಿಸಲಾಗಲಿಲ್ಲ. ಯಾವ ಬಾಂಬುದಾಳಿಯೂ ಇಲ್ಲದೆ ಅವು ಸತ್ತವು. ಮಾತು ತಡೆಯಲಾರದೆ ಹೋದದ್ದು ಬಾಂಬಿನ ಆಸೆಯನ್ನು. ಆ ಆಸೆ ಆರುವಂತೆ ಮಾಡಲು ಎಂಟು ವರ್ಷದ ಅವಕಾಶವಿತ್ತು. ಒಬ್ಬರು ಅದನ್ನು ಜಿಪುಣತನದಲ್ಲಿ, ಇನ್ನೊಬ್ಬರು ಕಪಟದಲ್ಲಿ ಕಳೆದರು. ಕಪಟ ಕಂಡಾಗ ಕರಾರನ್ನೇ ಹರಿದೆಸೆದದ್ದು ಅಮೆರಿಕದ ದೊಡ್ಡ ಅವಿವೇಕವೆಂದೇ ನಮ್ಮ ಅಭಿಪ್ರಾಯ. ಹಿತ್ತಿಲ ಬಾಗಿಲಲ್ಲಿ ಕಳ್ಳ ಕಂಡನೆಂದು ಮುಂಬಾಗಿಲಿನ ಬೀಗ ತೆಗೆದಂತಾಯಿತು.

ಆಮೇಲೆ ಅದೇ ಸರಕಿಗೆ ಬೆಲೆ ಏರುತ್ತಲೇ ಹೋಯಿತು. 2003ರಲ್ಲಿ ಲಿಬಿಯಾ ತನ್ನ ಅಣು ಯೋಜನೆಯನ್ನು ಕೈಬಿಟ್ಟಿತು; 2011ರಲ್ಲಿ ಗಡಾಫಿ ಕೊಲೆಯಾದರು. ಲಿಬಿಯಾ ಮೋಸಹೋಯಿತೆಂದು ಪ್ಯೊಂಗ್ಯಾಂಗ್ ಬಹಿರಂಗವಾಗಿಯೇ ಹೇಳಿತು. 2017ರ ಹೊತ್ತಿಗೆ ಉತ್ತರ ಕೊರಿಯಾ ಆರು ಸ್ಫೋಟಗಳನ್ನು ನಡೆಸಿತ್ತು. 2019ರ ಫೆಬ್ರವರಿಯಲ್ಲಿ ಹನಾಯ್ ನಗರದಲ್ಲಿ ಕಿಮ್ ಜೊಂಗ್ ಉನ್ ಮತ್ತು ಅಧ್ಯಕ್ಷ ಟ್ರಂಪ್ ಎದುರುಬದುರು ಕೂತಾಗ ಮೇಜಿನ ಮೇಲಿದ್ದದ್ದು ಮತ್ತೆ ಅದೇ ಯೊಂಗ್‌ಬ್ಯೋನ್. ಈ ಸಲ ಕೇಳಿದ್ದು ಎಣ್ಣೆಯನ್ನಲ್ಲ, ವಿಶ್ವಸಂಸ್ಥೆಯ ನಿರ್ಬಂಧಗಳಲ್ಲಿ ಮುಖ್ಯವಾದವುಗಳ ರದ್ದತಿಯನ್ನು. ಟ್ರಂಪ್ ಅಷ್ಟು ಬೆಲೆ ಕೊಡಲೊಪ್ಪಲಿಲ್ಲ. ಇಬ್ಬರೂ ಸಹಿಯಿಲ್ಲದೆ ಎದ್ದುಹೋದರು.